ಆಪರೇಷನ್ ಸಿಂಗಾಪುರದಲ್ಲೋ, ಬೆಂಗಳೂರಿನಲ್ಲೋ? ಟಿಕೆಟ್ ಬುಕ್ ಮಾಡುವ ಮೊದಲು ಹಾಕಬೇಕಾದ ಲೆಕ್ಕ

ಸಿಂಗಾಪುರದ ಕನ್ನಡಿಗರ ನಡುವೆ ಮಂಡಿ, ಬೆನ್ನು, ಪಿತ್ತಕೋಶ, ಹೃದಯ ಹೀಗೆ ಯಾವುದರ ಮಾತು ಬಂದರೂ ಯಾರಾದರೊಬ್ಬರು ಒಂದು ಸಲಹೆ ಕೊಟ್ಟೇ ಕೊಡುತ್ತಾರೆ: "ಇಲ್ಯಾಕೆ ದುಡ್ಡು ಸುರೀತೀರಿ? ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡು ಬನ್ನಿ." ನಾಲ್ಕೂವರೆ ಗಂಟೆಯ ವಿಮಾನ, ನಮ್ಮದೇ ಭಾಷೆ, ನೋಡಿಕೊಳ್ಳಲು ಅಮ್ಮನೋ ಅಕ್ಕನೋ ಇರುತ್ತಾರೆ, ಬಿಲ್ ಕೂಡ ಕಡಿಮೆ. ಕೇಳಿದರೆ ಇದರಲ್ಲಿ ಯೋಚಿಸುವುದೇನಿದೆ ಅನ್ನಿಸುತ್ತದೆ.

ಆದರೆ ಇದೇ ಸಲಹೆ ಒಬ್ಬರಿಗೆ ಹದಿನೈದು ಸಾವಿರ ಡಾಲರ್ ಉಳಿಸಬಹುದು, ಇನ್ನೊಬ್ಬರಿಗೆ ಹತ್ತು ಸಾವಿರ ಡಾಲರ್ ನಷ್ಟ ತರಬಹುದು. ವ್ಯತ್ಯಾಸ ಆಸ್ಪತ್ರೆಯಲ್ಲಿಲ್ಲ. ನಿಮ್ಮ ಪಾಸ್ ಯಾವುದು, ನಿಮ್ಮ ವಿಮೆ ಎಲ್ಲಿಯವರೆಗೆ ಬರುತ್ತದೆ, ಚಿಕಿತ್ಸೆ ಎಷ್ಟು ತಿಂಗಳು ನಡೆಯುತ್ತದೆ ಎಂಬ ಮೂರು ವಿಷಯಗಳ ಮೇಲೆ ಅದು ನಿಂತಿದೆ. ಯಾವ ಡಾಕ್ಟರು ಒಳ್ಳೆಯವರು ಎಂದು ಹೇಳುವ ಅರ್ಹತೆ ನನಗಿಲ್ಲ. ಹಣದ ಲೆಕ್ಕ ಹೇಗೆ ಹಾಕಬೇಕು ಎಂಬುದನ್ನಷ್ಟೇ ಇಲ್ಲಿ ನೋಡೋಣ.

ಮೊದಲ ಪ್ರಶ್ನೆ: ಸಿಂಗಾಪುರದಲ್ಲಿ ನಿಮ್ಮ ಬಿಲ್ ಯಾರು ಕಟ್ಟುತ್ತಾರೆ?

ಬೆಂಗಳೂರಿನ ಎಸ್ಟಿಮೇಟ್ ತರಿಸುವ ಮೊದಲು ಇಲ್ಲಿ ನಿಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ ಎಂದು ತಿಳಿದುಕೊಳ್ಳಿ. ಅದು ನಿಮ್ಮ ಪಾಸ್ ಮೇಲೆ ನಿಂತಿದೆ.

*ಸಿಟಿಜನ್ ಅಥವಾ ಪಿಆರ್ ಆಗಿದ್ದರೆ:* 2015ರ ನವೆಂಬರ್‌ನಿಂದ ಮೆಡಿಶೀಲ್ಡ್ ಲೈಫ್ ನಿಮಗೆ ತಾನಾಗಿಯೇ ಇದೆ. ಮೊದಲೇ ಇದ್ದ ಕಾಯಿಲೆಗಳಿಗೂ ಅನ್ವಯಿಸುತ್ತದೆ, ಜೀವನಪೂರ್ತಿ ಇರುತ್ತದೆ. ಅದರ ಪಾವತಿಯನ್ನು ಸರಕಾರಿ ಆಸ್ಪತ್ರೆಯ ಬಿ2 ಮತ್ತು ಸಿ ವಾರ್ಡ್‌ಗಳ ಸಬ್ಸಿಡಿ ಬಿಲ್‌ಗೆ ತಕ್ಕಂತೆ ಲೆಕ್ಕ ಮಾಡಿದ್ದಾರೆ. ಪಿಆರ್‌ಗೆ ಸಿಟಿಜನ್‌ಗಿಂತ ಸಬ್ಸಿಡಿ ಕಡಿಮೆ, ಆದರೆ ಇದೆ. ಇದರ ಮೇಲೆ ಇಂಟಿಗ್ರೇಟೆಡ್ ಶೀಲ್ಡ್ ಪ್ಲಾನ್ ಕೊಂಡಿದ್ದರೆ ಖಾಸಗಿ ಆಸ್ಪತ್ರೆಯ ಬಾಗಿಲೂ ತೆರೆಯುತ್ತದೆ. ಮಿಕ್ಕಿದ್ದರಲ್ಲಿ ಒಂದು ಭಾಗವನ್ನು ಮೆಡಿಸೇವ್‌ನಿಂದ ಕಟ್ಟಬಹುದು.

*ಎಂಪ್ಲಾಯ್‌ಮೆಂಟ್ ಪಾಸ್ ಆಗಿದ್ದರೆ:* ಸಬ್ಸಿಡಿ ಇಲ್ಲ, ಮೆಡಿಶೀಲ್ಡ್ ಇಲ್ಲ, ಮೆಡಿಸೇವ್ ಇಲ್ಲ. ಸರಕಾರಿ ಆಸ್ಪತ್ರೆಯಲ್ಲೂ ಪೂರ್ತಿ ದರ, ಜೊತೆಗೆ 9% ಜಿಎಸ್‌ಟಿ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ವರ್ಕ್ ಪರ್ಮಿಟ್ ಮತ್ತು ಎಸ್ ಪಾಸ್ ಇರುವವರಿಗೆ ಮಾಲೀಕರು ವರ್ಷಕ್ಕೆ ಕನಿಷ್ಠ 60,000 ಡಾಲರ್‌ನ ವೈದ್ಯಕೀಯ ವಿಮೆ ಮಾಡಿಸಲೇಬೇಕು. ಇಪಿ ಇರುವವರಿಗೆ ಮಾಡಿಸಬೇಕೆಂಬ ಕಾನೂನಿಲ್ಲ. ಬಹಳಷ್ಟು ಕಂಪನಿಗಳು ತಾವಾಗಿಯೇ ಗ್ರೂಪ್ ವಿಮೆ ಕೊಡುತ್ತವೆ, ಆದರೆ ಅದು ಕೆಲಸದ ಜೊತೆ ಬರುತ್ತದೆ, ಕೆಲಸದ ಜೊತೆಗೇ ಹೋಗುತ್ತದೆ.

*ಊರಿನಿಂದ ಬಂದಿರುವ ಅಪ್ಪ ಅಮ್ಮ:* ತಿಂಗಳಿಗೆ 12,000 ಡಾಲರ್ ಅಥವಾ ಹೆಚ್ಚು ನಿಗದಿತ ಸಂಬಳ ಇರುವ ಇಪಿ ಉದ್ಯೋಗಿಗಳು ತಂದೆತಾಯಿಯನ್ನು ಲಾಂಗ್ ಟರ್ಮ್ ವಿಸಿಟ್ ಪಾಸ್ ಮೇಲೆ ಕರೆಸಿಕೊಳ್ಳಬಹುದು. ಪಾಸ್ ಸಿಕ್ಕಿತೆಂದರೆ ಸಬ್ಸಿಡಿ ಸಿಕ್ಕಿತೆಂದಲ್ಲ. ಅವರಿಗೂ ಪೂರ್ತಿ ದರವೇ. ನೀವು ಪಿಆರ್ ಆಗಿದ್ದರೆ ನಿಮ್ಮ ಮೆಡಿಸೇವ್ ಹಣವನ್ನು ಮಿತಿಯೊಳಗೆ ತಂದೆತಾಯಿಯ ಇಲ್ಲಿನ ಚಿಕಿತ್ಸೆಗೆ ಬಳಸಬಹುದು, ಅಷ್ಟೇ.

ಒಂದೇ ಆಪರೇಷನ್, ಮೂರು ಉತ್ತರ

ಒಂದು ಉದಾಹರಣೆ ನೋಡೋಣ. ಇದರಲ್ಲಿರುವ ಅಂಕಿಗಳೆಲ್ಲ ಲೆಕ್ಕ ಅರ್ಥವಾಗಲಿ ಎಂದು ನಾನು ಇಟ್ಟುಕೊಂಡವು. ನಿಮ್ಮ ಎಸ್ಟಿಮೇಟ್ ಬಂದಾಗ ನಿಮ್ಮ ಅಂಕಿ ಹಾಕಿಕೊಳ್ಳಿ. ಒಂದು ಡಾಲರ್‌ಗೆ 70 ರೂಪಾಯಿ ಎಂದುಕೊಳ್ಳೋಣ.

45 ವರ್ಷದವರೊಬ್ಬರಿಗೆ ಮಂಡಿಯ ಆಪರೇಷನ್ ಆಗಬೇಕು. ತುರ್ತು ಇಲ್ಲ. ಸಿಂಗಾಪುರದ ಖಾಸಗಿ ಆಸ್ಪತ್ರೆಯ ಎಸ್ಟಿಮೇಟ್ 30,000 ಡಾಲರ್. ಬೆಂಗಳೂರಿನದು 4.2 ಲಕ್ಷ ರೂ., ಅಂದರೆ 6,000 ಡಾಲರ್. ನೋಡಿದ ಕೂಡಲೇ ಐದರಲ್ಲಿ ಒಂದು ಪಾಲು. ಈಗ ಬೆಂಗಳೂರಿನ ಲೆಕ್ಕವನ್ನು ಪೂರ್ತಿ ಬರೆಯೋಣ:

- ಆಸ್ಪತ್ರೆ: 6,000
- ಇಬ್ಬರ ವಿಮಾನ ಟಿಕೆಟ್: 1,200
- ಮೂರು ವಾರದ ವಸತಿ, ಓಡಾಟ, ಊಟ: 1,000
- ಸಂಬಳವಿಲ್ಲದ ರಜೆ, ದಿನಕ್ಕೆ 400ರಂತೆ ಹತ್ತು ದಿನ: 4,000
- ವಾಪಸ್ ಬಂದ ಮೇಲೆ ಫಿಸಿಯೋಥೆರಪಿ ಮತ್ತು ಡಾಕ್ಟರ್ ಭೇಟಿ: 1,500
- ಒಟ್ಟು: 13,700 ಡಾಲರ್

ಈಗ ಇದನ್ನು 30,000ಕ್ಕೆ ಹೋಲಿಸಬೇಡಿ. *ನಿಮ್ಮ ಕೈಯಿಂದ ಹೋಗುವ ಮೊತ್ತಕ್ಕೆ* ಹೋಲಿಸಿ.

ಮೊದಲನೆಯವರು ಪಿಆರ್. ಸರಕಾರಿ ಆಸ್ಪತ್ರೆಯ ಸಬ್ಸಿಡಿ ವಾರ್ಡ್‌ನಲ್ಲಿ ಮಾಡಿಸಿಕೊಂಡರೆ ವಿಮೆ ಕಳೆದು 3,500 ಡಾಲರ್ ಕಟ್ಟಬೇಕು, ಅದರಲ್ಲೂ ಒಂದು ಪಾಲು ಮೆಡಿಸೇವ್‌ನಿಂದ ಎಂದುಕೊಳ್ಳಿ. ಇವರು ಬೆಂಗಳೂರಿಗೆ ಹೋದರೆ ಹತ್ತು ಸಾವಿರ ಡಾಲರ್ ಹೆಚ್ಚು ಖರ್ಚು. ಇಲ್ಲಿ ತೆರಬೇಕಾದ ಬೆಲೆಯೆಂದರೆ ಕಾಯುವಿಕೆ, ಮತ್ತು ಇಂಥದೇ ಡಾಕ್ಟರ್ ಬೇಕೆಂದು ಕೇಳುವ ಆಯ್ಕೆ ಇಲ್ಲದಿರುವುದು.

ಎರಡನೆಯವರು ಇಪಿ, ಕಂಪನಿಯ ವಿಮೆ ಚೆನ್ನಾಗಿದೆ, 10% ಕೋ-ಪೇ. ಇವರ ಪಾಲು 3,000. ಇವರಿಗೂ ಬೆಂಗಳೂರು ದುಬಾರಿ.

ಮೂರನೆಯವರೂ ಇಪಿ. ಆದರೆ ಮಂಡಿಯ ತೊಂದರೆ ಕೆಲಸಕ್ಕೆ ಸೇರುವ ಮೊದಲೇ ಇತ್ತೆಂದು ವಿಮೆ ಒಪ್ಪುತ್ತಿಲ್ಲ. ಇವರ ಮುಂದಿರುವುದು 30,000 ಅಥವಾ 13,700. ಇವರು ಬೆಂಗಳೂರಿನ ಬಗ್ಗೆ ಗಂಭೀರವಾಗಿ ಯೋಚಿಸಬೇಕು.

ಎಸ್ಟಿಮೇಟ್ ಸರಿಯೇ ಎಂದು ತಾಳೆ ನೋಡಲು ಸಿಂಗಾಪುರದ ಆರೋಗ್ಯ ಸಚಿವಾಲಯವೇ ಆಪರೇಷನ್‌ವಾರು ಬಿಲ್ ಮೊತ್ತಗಳನ್ನೂ ವೈದ್ಯರ ಶುಲ್ಕದ ಮಾನದಂಡಗಳನ್ನೂ ತನ್ನ ಜಾಲತಾಣದಲ್ಲಿ ಹಾಕಿದೆ. ಹತ್ತು ನಿಮಿಷ ಕೊಟ್ಟು ನೋಡಿ.

ಬೆಂಗಳೂರಿನ ಬಿಲ್ ಯಾಕೆ ಕಡಿಮೆ?

"ಕಡಿಮೆ ದರ ಅಂದರೆ ಕಡಿಮೆ ಗುಣಮಟ್ಟ" ಎಂಬ ಅನುಮಾನ ಹಲವರಿಗಿದೆ. ದರ ಕಡಿಮೆ ಇರಲು ಬೇರೆ ಕಾರಣಗಳಿವೆ. ಸಿಬ್ಬಂದಿಯ ಸಂಬಳ ಕಡಿಮೆ. ಒಂದೇ ಆಪರೇಷನ್ ಥಿಯೇಟರಿನಲ್ಲಿ ದಿನಕ್ಕೆ ಆಗುವ ಆಪರೇಷನ್‌ಗಳು ಹೆಚ್ಚು. 2000ದ ಹೊತ್ತಿಗೆ ಡಾ. ದೇವಿ ಶೆಟ್ಟಿಯವರು ಬೊಮ್ಮಸಂದ್ರದಲ್ಲಿ ಕಟ್ಟಿದ ನಾರಾಯಣ ಹೃದಯಾಲಯದ ಮಾದರಿಯೇ ಇದು: ಸಂಖ್ಯೆ ಹೆಚ್ಚಿದಂತೆ ಒಬ್ಬೊಬ್ಬರ ಮೇಲೆ ಬೀಳುವ ಖರ್ಚು ಇಳಿಯುತ್ತದೆ. ಜೊತೆಗೆ 2017ರಲ್ಲಿ ಕೇಂದ್ರ ಸರಕಾರ ಹೃದಯದ ಸ್ಟೆಂಟ್ ಮತ್ತು ಮಂಡಿಯ ಇಂಪ್ಲಾಂಟ್‌ಗಳಿಗೆ ಬೆಲೆಯ ಮಿತಿ ಹಾಕಿತು.

ಹೂಡಿಕೆಯ ಕಣ್ಣಿನಿಂದ ನೋಡಿದರೆ ಇನ್ನೊಂದು ಸ್ವಾರಸ್ಯವಿದೆ. 2023ರಲ್ಲಿ ಸಿಂಗಾಪುರದ ಟೆಮಾಸೆಕ್ ಮಣಿಪಾಲ್ ಹಾಸ್ಪಿಟಲ್ಸ್‌ನಲ್ಲಿ ತನ್ನ ಪಾಲನ್ನು 59%ಕ್ಕೆ ಏರಿಸಿಕೊಂಡಿತು. ಇಲ್ಲಿನ ಮೌಂಟ್ ಎಲಿಜಬೆತ್, ಗ್ಲೆನೀಗಲ್ಸ್ ಆಸ್ಪತ್ರೆಗಳ ಒಡೆತನದ ಐಎಚ್‌ಎಚ್ ಹೆಲ್ತ್‌ಕೇರ್ 2018ರಲ್ಲಿ ಫೋರ್ಟಿಸ್‌ನ 31.1% ಪಾಲು ಕೊಂಡಿತು. ಅಂದರೆ ಆರ್ಚರ್ಡ್ ರಸ್ತೆಯ ಪಕ್ಕದ ಆಸ್ಪತ್ರೆಗೂ ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಗೂ ಹಿಂದಿರುವ ಬಂಡವಾಳ ಒಂದೇ ಇರಬಹುದು. ಆದರೆ ಮಾಲೀಕರು ಒಬ್ಬರೇ ಎಂಬ ಕಾರಣಕ್ಕೆ ನಿಮ್ಮ ವಿಮೆ ಎರಡೂ ಕಡೆ ನಡೆಯುವುದಿಲ್ಲ.

ವಿಮೆ ಗಡಿ ದಾಟುತ್ತದೆಯೇ?

ಬಹುತೇಕ ಇಲ್ಲ. ಮೆಡಿಶೀಲ್ಡ್ ಲೈಫ್ ಭಾರತದಲ್ಲಿ ಮಾಡಿಸಿಕೊಂಡ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಮೆಡಿಸೇವ್ ಅನ್ನು ಹೊರದೇಶದಲ್ಲಿ ಬಳಸಲು 2010ರಿಂದ ಅವಕಾಶವಿದೆ, ಆದರೆ ಅದು ಒಪ್ಪಿಗೆ ಪಡೆದ ಮಲೇಷ್ಯಾದ ಆಸ್ಪತ್ರೆಗಳಿಗೆ ಮಾತ್ರ. ಖಾಸಗಿ ಶೀಲ್ಡ್ ಪ್ಲಾನ್‌ಗಳಲ್ಲಿ ಹೊರದೇಶದ ತುರ್ತು ಚಿಕಿತ್ಸೆಗೆ ಅವಕಾಶ ಇರುವುದುಂಟು. ಮೊದಲೇ ಯೋಜಿಸಿಕೊಂಡು ಹೋಗುವ ಆಪರೇಷನ್ ಬೇರೆಯೇ ಮಾತು. ಟ್ರಾವೆಲ್ ಇನ್ಶೂರೆನ್ಸ್ ಅಂತೂ ಚಿಕಿತ್ಸೆಗೆಂದೇ ಹೊರಟವರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಕಂಪನಿಯ ಎಚ್‌ಆರ್‌ಗೆ ಅಥವಾ ವಿಮಾ ಏಜೆಂಟರಿಗೆ ಈ ನಾಲ್ಕು ಪ್ರಶ್ನೆಗಳನ್ನು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಇಮೇಲ್‌ನಲ್ಲೇ ಪಡೆಯಿರಿ:

1. ಭಾರತದಲ್ಲಿ ಮೊದಲೇ ಯೋಜಿಸಿದ ಆಪರೇಷನ್‌ಗೆ ಪಾಲಿಸಿ ಹಣ ಕೊಡುತ್ತದೆಯೇ, ಅಥವಾ ಅಪಘಾತ ಮತ್ತು ತುರ್ತಿಗೆ ಮಾತ್ರವೇ?
2. ಮುಂಚಿತ ಒಪ್ಪಿಗೆ ಬೇಕೇ? ಎಷ್ಟು ದಿನ ಮೊದಲು ಕೇಳಬೇಕು?
3. ಆಸ್ಪತ್ರೆಗೆ ನೇರವಾಗಿ ಕಟ್ಟುತ್ತೀರೋ, ನಾನು ಕಟ್ಟಿ ಆಮೇಲೆ ಪಡೆಯಬೇಕೋ?
4. ಅಲ್ಲಿ ಆಪರೇಷನ್ ಮಾಡಿಸಿಕೊಂಡು ಇಲ್ಲಿಗೆ ಬಂದ ಮೇಲೆ ಸೋಂಕೋ ಮತ್ತೊಂದೋ ಆದರೆ, ಇಲ್ಲಿನ ಆಸ್ಪತ್ರೆಯ ಬಿಲ್ ಯಾರದು?

ನಾಲ್ಕನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನಿಜವಾದ ಆರ್ಥಿಕ ಅಪಾಯ ಇರುವುದು ಅಲ್ಲೇ. ಪಿಆರ್‌ಗೆ ಮೆಡಿಶೀಲ್ಡ್ ಲೈಫ್ ಎಂಬ ಆಸರೆಯಾದರೂ ಇದೆ. ವಿಮೆ ಇಲ್ಲದ ಇಪಿ ಕುಟುಂಬಕ್ಕೆ ಬೆಂಗಳೂರಿನಲ್ಲಿ ಉಳಿಸಿದ ಹಣವೆಲ್ಲ ಇಲ್ಲಿ ಎರಡನೇ ಸಲ ಅಡ್ಮಿಟ್ ಆದರೆ ಹೋಗಿಬಿಡಬಹುದು. ಆದ್ದರಿಂದ ಉಳಿಯುವ ಹಣದಲ್ಲಿ ಅರ್ಧವನ್ನು ಕನಿಷ್ಠ ಆರು ತಿಂಗಳು ಮುಟ್ಟದೆ ಬೇರೆ ಖಾತೆಯಲ್ಲಿಡಿ ಎಂಬುದು ನನ್ನ ಸಲಹೆ.

ಊರಿನಲ್ಲೊಂದು ಪಾಲಿಸಿ

ಎನ್‌ಆರ್‌ಐಗಳು ಭಾರತದಲ್ಲಿ ಆರೋಗ್ಯ ವಿಮೆ ಕೊಳ್ಳಬಹುದು. ವಾಸ ಸಿಂಗಾಪುರ ಎಂದು ಪ್ರಪೋಸಲ್ ಫಾರ್ಮ್‌ನಲ್ಲಿ ಸ್ಪಷ್ಟವಾಗಿ ಬರೆಯಿರಿ. ಎಲ್ಲ ಕಾಯಿಲೆಗಳನ್ನೂ ತಿಳಿಸಿ. ಇತ್ತೀಚಿನ ವರ್ಷಗಳಲ್ಲಿ ನಿಯಮಗಳು ಗ್ರಾಹಕರ ಪರವಾಗಿ ಬದಲಾಗಿವೆ:

- 2024ರ ಏಪ್ರಿಲ್‌ನಿಂದ, ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ ಗರಿಷ್ಠ 36 ತಿಂಗಳು. ಮೊದಲು ಇದು 48 ಇತ್ತು.
- 60 ತಿಂಗಳು ಬಿಡದೆ ಪ್ರೀಮಿಯಂ ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು ಹಳೆಯ ಕಾಯಿಲೆ ಮುಚ್ಚಿಟ್ಟಿರಿ ಎಂದು ಕ್ಲೇಮ್ ತಳ್ಳಿಹಾಕುವಂತಿಲ್ಲ.
- 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎಂಬ ತಡೆ ಹೋಗಿದೆ. ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ 10%ಕ್ಕಿಂತ ಹೆಚ್ಚು ಏರಿಸಲು ಕಂಪನಿಗಳು ಐಆರ್‌ಡಿಎಐ ಜೊತೆ ಮೊದಲೇ ಮಾತಾಡಬೇಕು ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ.
- ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ 18% ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ.
- ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್‌ಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕು.

ಆದರೆ ಇಂದು ಪಾಲಿಸಿ ಕೊಂಡು ಮುಂದಿನ ತಿಂಗಳು ಮಂಡಿ ಬದಲಿಸಿಕೊಳ್ಳಲು ಆಗುವುದಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಕೀಲು ಬದಲಾವಣೆ ಮುಂತಾದವುಗಳಿಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಆರೋಗ್ಯ ಚೆನ್ನಾಗಿರುವಾಗ ಕೊಂಡ ಪಾಲಿಸಿಯೇ ಕೈಹಿಡಿಯುವುದು. ನಿಮಗಿಂತ ಮೊದಲು ಅಪ್ಪ ಅಮ್ಮನಿಗೆ ಇದನ್ನು ಮಾಡಿಸಿ.

ಕೋಣೆಯ ಬಾಡಿಗೆಯ ಮಿತಿಯನ್ನೂ ನೋಡಿ. ಪಾಲಿಸಿಯ ಮಿತಿ ದಿನಕ್ಕೆ 6,000 ರೂ. ಇದ್ದು, ನೀವು 12,000 ರೂಪಾಯಿಯ ಕೋಣೆ ತೆಗೆದುಕೊಂಡರೆ ಕಡಿತವಾಗುವುದು ಕೋಣೆಯ ವ್ಯತ್ಯಾಸ ಮಾತ್ರವಲ್ಲ. ಸರ್ಜನ್ ಫೀಸು, ಥಿಯೇಟರ್ ಬಾಡಿಗೆಯಂಥವೂ ಅದೇ ಪ್ರಮಾಣದಲ್ಲಿ ಅರ್ಧಕ್ಕಿಳಿಯಬಹುದು. "ಡಾಲರ್ ಲೆಕ್ಕದಲ್ಲಿ ಏನು ಮಹಾ" ಎಂದು ಡೀಲಕ್ಸ್ ರೂಮ್ ಕೇಳುವ ಮೊದಲು ಪಾಲಿಸಿ ತೆರೆದು ನೋಡಿ.

ಅಲ್ಲಿ ಹೋದ ಮೇಲೆ ಏನೇನು ಎದುರಾಗುತ್ತದೆ

ಸಿಂಗಾಪುರದ ಅಭ್ಯಾಸದಲ್ಲಿದ್ದವರಿಗೆ ಕೆಲವು ಸಂಗತಿಗಳು ಹೊಸದು. ರೋಗಿಯ ಜೊತೆ ಒಬ್ಬ ಅಟೆಂಡರ್ ಇರಲೇಬೇಕು. ಫಾರ್ಮಸಿಗೆ ಓಡುವುದು, ಬಿಲ್ಲಿಂಗ್ ಕೌಂಟರಿನಲ್ಲಿ ಅಡ್ವಾನ್ಸ್ ಕಟ್ಟುವುದು, ಇನ್ಶೂರೆನ್ಸ್ ಡೆಸ್ಕಿನ ಮುಂದೆ ನಿಲ್ಲುವುದು ಅವರ ಕೆಲಸ. ದೊಡ್ಡ ಆಪರೇಷನ್‌ಗಳಿಗೆ ನೆಂಟರಿಂದ ರಕ್ತ ಕೊಡಿಸಲು ಕೇಳುವುದೂ ಉಂಟು.

"ಪ್ಯಾಕೇಜ್" ಎಂದಾಗ ಅದರಲ್ಲಿ ಏನಿಲ್ಲ ಎಂದು ಕೇಳಿ. ಎಷ್ಟು ದಿನದ ವಾಸ್ತವ್ಯ, ಯಾವ ಇಂಪ್ಲಾಂಟ್, ಐಸಿಯು ದಿನ ಹೆಚ್ಚಾದರೆ ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಎಸ್ಟಿಮೇಟ್ ಮೇಲೆ ಇನ್ನೂ ಕಾಲು ಭಾಗ ಕೈಯಲ್ಲಿಟ್ಟುಕೊಂಡು ಹೋಗಿ.

ಹಣ ಸಾಗಿಸುವುದನ್ನು ಅಡ್ಮಿಟ್ ಆದ ದಿನಕ್ಕೆ ಇಟ್ಟುಕೊಳ್ಳಬೇಡಿ. ಮೊದಲೇ ಎನ್‌ಆರ್‌ಇ ಖಾತೆಗೆ ಹಾಕಿಡಿ, ಉಳಿದಿದ್ದನ್ನು ಯಾವ ತಡೆಯೂ ಇಲ್ಲದೆ ವಾಪಸ್ ತರಬಹುದು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಆಸ್ಪತ್ರೆ ತೆಗೆದುಕೊಳ್ಳುವಂತಿಲ್ಲ. ಆಸ್ಪತ್ರೆಗಳಿಗೆ ಯುಪಿಐ ಮಿತಿ ಐದು ಲಕ್ಷ, ಆದರೆ ನಿಮ್ಮ ಬ್ಯಾಂಕಿನ ಸ್ವಂತ ಮಿತಿ ಬೇರೆ ಇರಬಹುದು. 2023ರಲ್ಲಿ ಶುರುವಾದ ಪೇನೌ–ಯುಪಿಐ ಜೋಡಣೆ ದಿನಕ್ಕೆ 60,000 ರೂಪಾಯಿಯ ಮಿತಿಯೊಂದಿಗೆ ಬಂದದ್ದು. ಔಷಧಿ ಅಂಗಡಿಗೆ ಸರಿ, ಆಸ್ಪತ್ರೆಯ ಬಿಲ್‌ಗೆ ಸಾಲದು. ನೀವು ಆಪರೇಷನ್ ಟೇಬಲ್ ಮೇಲಿರುವಾಗ ಒಟಿಪಿ ಯಾರ ಫೋನಿಗೆ ಬರುತ್ತದೆ? ಊರಿನಲ್ಲಿರುವ ಅಣ್ಣ ತಮ್ಮಂದಿರಿಗೋ ಅಕ್ಕ ತಂಗಿಯರಿಗೋ ಖಾತೆಯ ಮೇಲೆ ಮ್ಯಾಂಡೇಟ್ ಕೊಟ್ಟಿಡಿ.

ಸಂಗಾತಿ ಸಿಂಗಾಪುರ ಸಿಟಿಜನ್ ಆಗಿದ್ದು ಒಸಿಐ ಇಲ್ಲದಿದ್ದರೆ ವೀಸಾ ಬೇಕು. ಚಿಕಿತ್ಸೆ ಅವರಿಗೇ ಆದರೆ ಇ-ಮೆಡಿಕಲ್, ಜೊತೆಗೆ ಹೋಗುವುದಾದರೆ ಇ-ಮೆಡಿಕಲ್ ಅಟೆಂಡೆಂಟ್ ವೀಸಾ.

ರಜೆ ಮತ್ತು ತೆರಿಗೆಯ ದಿನಗಳು

ಸಿಂಗಾಪುರದ ಕಾನೂನಿನ ಪ್ರಕಾರ ಆಸ್ಪತ್ರೆ ರಜೆ ಸೇರಿ ವರ್ಷಕ್ಕೆ 60 ದಿನದವರೆಗೆ ಸಂಬಳಸಹಿತ ಅನಾರೋಗ್ಯ ರಜೆ ಇದೆ. ಆದರೆ ಮೆಡಿಕಲ್ ಸರ್ಟಿಫಿಕೇಟ್ ಸಿಂಗಾಪುರದಲ್ಲಿ ನೋಂದಾಯಿತ ಡಾಕ್ಟರದಾಗಿರಬೇಕು. ಬೆಂಗಳೂರಿನ ಡಾಕ್ಟರ ಸರ್ಟಿಫಿಕೇಟನ್ನು ಕಂಪನಿ ಒಪ್ಪಬಹುದು, ಒಪ್ಪಲೇಬೇಕೆಂದಿಲ್ಲ. ಮೇಲಿನ ಲೆಕ್ಕದಲ್ಲಿ 4,000 ಡಾಲರ್ ರಜೆಯ ಖರ್ಚು ಬಂದದ್ದು ಇದಕ್ಕೇ. ಹೊರಡುವ ಮೊದಲು ಎಚ್‌ಆರ್ ಬಳಿ ಲಿಖಿತವಾಗಿ ಕೇಳಿಕೊಳ್ಳಿ.

ಚಿಕಿತ್ಸೆಗೆಂದು ಭಾರತದಲ್ಲಿ ಕಳೆದ ದಿನಗಳೂ ಆದಾಯ ತೆರಿಗೆಯ ಲೆಕ್ಕಕ್ಕೆ ಸೇರುತ್ತವೆ. ಸಾಮಾನ್ಯ ಗಡಿ 182 ದಿನ. ಭಾರತದ ಆದಾಯ 15 ಲಕ್ಷ ದಾಟಿದವರಿಗೆ 120 ದಿನ. ಬಾಡಿಗೆ ಬರುವ ಮನೆ, ಷೇರುಗಳು ಇದ್ದವರು ಕ್ಯಾಲೆಂಡರ್ ನೋಡಿಕೊಳ್ಳಿ. ಹೆಚ್ಚು ದಿನ ಹೊರಗಿದ್ದರೆ ಸಿಂಗಾಪುರದ 183 ದಿನದ ಲೆಕ್ಕವನ್ನೂ ನೋಡಬೇಕಾಗುತ್ತದೆ.

ಇನ್ನು ಅಪ್ಪ ಅಮ್ಮನ ಚಿಕಿತ್ಸೆಗೆ ಊರಿನ ಅವರ ಹಣವನ್ನೇ ಸಿಂಗಾಪುರಕ್ಕೆ ಕಳಿಸುವುದಾದರೆ, ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತದ ಮೇಲೆ ಬ್ಯಾಂಕು ಟಿಸಿಎಸ್ ಹಿಡಿಯುತ್ತದೆ. ಅದು ಖರ್ಚಲ್ಲ, ರಿಟರ್ನ್ಸ್‌ನಲ್ಲಿ ವಾಪಸ್ ಪಡೆಯಬಹುದು. ಆದರೆ ಅಲ್ಲಿಯವರೆಗೆ ಹಣ ಕೈಯಲ್ಲಿರುವುದಿಲ್ಲ.

ವಾಪಸ್ ಬರುವಾಗ

ಎದೆ ಅಥವಾ ಹೊಟ್ಟೆಯ ದೊಡ್ಡ ಆಪರೇಷನ್ ಆದ ಮೇಲೆ ಸುಮಾರು ಹತ್ತು ದಿನ ವಿಮಾನ ಹತ್ತಬಾರದೆಂದು ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಹೇಳುತ್ತದೆ. ನಿಮ್ಮ ಸರ್ಜನ್ ಇನ್ನೂ ಹೆಚ್ಚು ಹೇಳಬಹುದು. ವಿಮಾನ ಕಂಪನಿ ಡಾಕ್ಟರ್ ಸಹಿ ಇರುವ ಮೆಡಿಫ್ ಫಾರ್ಮ್ ಕೇಳಬಹುದು. ಆದ್ದರಿಂದ ದಿನಾಂಕ ಬದಲಿಸಬಹುದಾದ ಟಿಕೆಟ್ಟನ್ನೇ ತೆಗೆಯಿರಿ. ಅಲ್ಲಿ ಉಳಿಸುವ ನೂರು ಡಾಲರ್‌ಗೆ ಅರ್ಥವಿಲ್ಲ.

ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್‌ಗಳ ಮೂಲ ಫೈಲ್, ಇಂಪ್ಲಾಂಟ್‌ನ ಸ್ಟಿಕ್ಕರ್, ಬಯಾಪ್ಸಿ ಆಗಿದ್ದರೆ ಅದರ ಸ್ಲೈಡ್, ಎಲ್ಲವನ್ನೂ ಕೇಳಿ ಪಡೆಯಿರಿ. ಸ್ವಂತ ಬಳಕೆಯ ಔಷಧಿಯನ್ನು ಮೂರು ತಿಂಗಳಿಗಾಗುವಷ್ಟು ತರಬಹುದು. ಆದರೆ ಕೊಡೀನ್ ಇರುವ ಔಷಧಿ, ನಿದ್ದೆ ಮಾತ್ರೆ, ತೀವ್ರ ನೋವು ನಿವಾರಕಗಳಿಗೆ ಸಿಂಗಾಪುರದ ಎಚ್‌ಎಸ್‌ಎ ಒಪ್ಪಿಗೆ ಬೇಕಾಗಬಹುದು.

ಹಾಗಾದರೆ ಯಾರು ಎಲ್ಲಿ?

ಒಂದೇ ಸಲಕ್ಕೆ ಮುಗಿಯುವ, ತುರ್ತಲ್ಲದ, ಆಮೇಲೆ ಎರಡು ಮೂರು ಭೇಟಿ ಸಾಕಾಗುವ ಆಪರೇಷನ್, ಮತ್ತು ಇಲ್ಲಿ ವಿಮೆಯೂ ಇಲ್ಲ ಸಬ್ಸಿಡಿಯೂ ಇಲ್ಲ ಎನ್ನುವವರಿಗೆ ಬೆಂಗಳೂರು, ಮಂಗಳೂರು, ಮಣಿಪಾಲ ಒಳ್ಳೆಯ ಆಯ್ಕೆ. ವಿಮೆ ಸರಿಯಾಗಿರುವ ಇಪಿ ಕುಟುಂಬಗಳು, ಸಬ್ಸಿಡಿ ವಾರ್ಡ್‌ಗೆ ಸಿದ್ಧವಿರುವ ಪಿಆರ್‌ಗಳು ಇಲ್ಲೇ ಮಾಡಿಸಿಕೊಂಡರೆ ಹಣ ಉಳಿಯುತ್ತದೆ. ಎಪ್ಪತ್ತು ದಾಟಿದ ಅಪ್ಪ ಅಮ್ಮನ ಯೋಜಿತ ಚಿಕಿತ್ಸೆ ಊರಿನಲ್ಲೇ ಆಗಲಿ, ನೀವು ರಜೆ ಹಾಕಿ ಹೋಗಿ.

ಕ್ಯಾನ್ಸರ್, ಡಯಾಲಿಸಿಸ್‌ನಂಥ ದೀರ್ಘ ಚಿಕಿತ್ಸೆಗೆ ಈ ಲೆಕ್ಕ ಸಾಲದು. ತಿಂಗಳುಗಟ್ಟಲೆ ಸೈಕಲ್‌ಗಳ ನಡುವೆ ಹೋಗಿ ಬರುವುದು ದೇಹಕ್ಕೂ ಕಷ್ಟ, ಕೆಲಸಕ್ಕೂ ಕಷ್ಟ. ಅಂಗಾಂಗ ಕಸಿಯಲ್ಲಿ ದಾನಿ ಅಥವಾ ರೋಗಿ ವಿದೇಶಿ ಪ್ರಜೆಯಾಗಿದ್ದರೆ ಭಾರತದ 1994ರ ಕಾಯಿದೆಯಡಿ ಅಧಿಕಾರ ಸಮಿತಿಯ ಒಪ್ಪಿಗೆ ಬೇಕು. ಇಂಥ ಸಂದರ್ಭದಲ್ಲಿ ಮೊದಲು ಬರುವ ಪ್ರಶ್ನೆ "ಮುಂದಿನ ಒಂದು ವರ್ಷ ಕುಟುಂಬ ಎಲ್ಲಿ ಇರುತ್ತದೆ?" ಎಂಬುದು. ಅದಕ್ಕೆ ಉತ್ತರ ಸಿಕ್ಕ ಮೇಲೆ ಆಸ್ಪತ್ರೆ ಹುಡುಕಿ. ಇಪಿ ಇರುವವರಿಗೆ ಇನ್ನೊಂದು ಮಾತು: ಕೆಲಸ ಬಿಡುವ ನಿರ್ಧಾರವನ್ನು ವಿಮೆಯ ಕಾಗದ ಓದಿದ ಮೇಲೆಯೇ ಮಾಡಿ.

ಈ ವಾರಾಂತ್ಯ ಮಾಡಬಹುದಾದ ಕೆಲಸ ಎರಡು. ಕಂಪನಿಯ ವಿಮೆಯ ಪುಸ್ತಿಕೆಯಲ್ಲಿ ಹೊರದೇಶದ ಚಿಕಿತ್ಸೆಯ ಪುಟ ಓದಿ. ಊರಿಗೆ ಫೋನ್ ಮಾಡಿದಾಗ ಅಪ್ಪ ಅಮ್ಮನ ಪಾಲಿಸಿ ನಂಬರು, ಅದು ನವೀಕರಣವಾಗುವ ದಿನಾಂಕ ಕೇಳಿ ಬರೆದಿಟ್ಟುಕೊಳ್ಳಿ.

*ಇದು ಮಾಹಿತಿಗಾಗಿ ಬರೆದದ್ದು, ವೈದ್ಯಕೀಯ ಅಥವಾ ತೆರಿಗೆ ಸಲಹೆಯಲ್ಲ. ನಿಯಮಗಳು ಬದಲಾಗುತ್ತಿರುತ್ತವೆ. ಹಣ ಕಟ್ಟುವ ಮೊದಲು ನಿಮ್ಮ ವಿಮಾ ಕಂಪನಿ ಮತ್ತು ತೆರಿಗೆ ಸಲಹೆಗಾರರ ಬಳಿ ಖಚಿತಪಡಿಸಿಕೊಳ್ಳಿ.*